ಬಾರ್ ಗಾಡಿಗೆ ಟ್ರಕ್ಕಾ, ಟ್ರೇಲರಾ?

ಸಮಾರಂಭಗಳಿಗೆ ಹೋಗಿ ಮದ್ಯ ಕೊಡುವ ಓಡಾಡುವ ಬಾರ್‌ಗೆ ಯಾವ ಗಾಡಿ ಒಳ್ಳೆಯದು? ಹಳೇ ಟ್ರಕ್ಕನ್ನೇ ಬಾರ್ ಮಾಡಿದರೆ ಕೀ ತಿರುಗಿಸಿ ಹೊರಟರಾಯ್ತು, ಎಳೆಯಲು ಬೇರೆ ಗಾಡಿ ಬೇಡ. ನೋಡಲೂ ಗತ್ತು ಜಾಸ್ತಿ. ಆದರೆ ಎಂಜಿನ್ ಕೆಟ್ಟ ದಿನ ಬಾರೂ ಬಂದ್. ಟ್ರೇಲರ್ ಆದರೆ ಇನ್ನೊಂದು ಗಾಡಿಗೆ ಕಟ್ಟಿಕೊಂಡು ಹೋಗಬಹುದು. ರಿವರ್ಸ್ ತೆಗೆಯುವುದು ಮಾತ್ರ ತಲೆನೋವು: ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ!

ನಿಜವಾದ ಲೆಕ್ಕ ಇರುವುದು ತೂಕದಲ್ಲಿ. 50 ಲೀಟರ್‌ನ ತುಂಬಿದ ಬಿಯರ್ ಕೆಗ್ (ಲೋಹದ ಪೀಪಾಯಿ) ಒಂದೇ 60 ಕೆಜಿ ದಾಟುತ್ತದೆ. ಅಂಥ ನಾಲ್ಕು ಕೆಗ್, 100 ಲೀಟರ್ ನೀರು, ಐಸ್, ಫ್ರಿಜ್ಜು, ಕೌಂಟರ್ ಹಲಗೆ... ಟ್ರಕ್ ಇದನ್ನೆಲ್ಲ ಆರಾಮಾಗಿ ಹೊರುತ್ತದೆ. ಸಣ್ಣ ಟ್ರೇಲರ್‌ನಲ್ಲಿ ಭಾರವೆಲ್ಲ ಹಿಂದೆ ಬಿದ್ದರೆ ಓಡುವಾಗ ಹಾವಿನ ಹಾಗೆ ಅತ್ತಿತ್ತ ಬಳುಕುತ್ತದೆ. ಕೆಗ್‌ಗಳನ್ನು ಗಾಲಿಯ ಅಚ್ಚಿಗಿಂತ ತುಸು ಮುಂದೆ ಇಡಬೇಕು.

ಟ್ರಕ್‌ಗೆ ಕಿಟಕಿ ಕೊರೆಯುವ ಮೊದಲು ಎತ್ತರ ನೋಡಿಕೊಳ್ಳಿ. ಅದರ ನೆಲವೇ ಎತ್ತರ. ಒಳಗಿನವರ ಮೊಣಕಾಲು ಹೊರಗಿನವರ ಎದೆಮಟ್ಟಕ್ಕೆ ಬಂದರೆ ಗ್ಲಾಸ್ ಕೊಡಲು ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತದೆ, ಅಲ್ವಾ? ಟ್ರೇಲರ್ ತಗ್ಗಾಗಿರುವುದರಿಂದ ಈ ಕಷ್ಟ ಕಮ್ಮಿ.

ಅಪರೂಪಕ್ಕೊಂದು ಸಮಾರಂಭಕ್ಕೆ ಹೋಗುವವರಿಗೆ ನಾನು ಟ್ರೇಲರ್ ಅನ್ನುತ್ತೇನೆ. ದಿನಾ ಓಡಾಟವಿದ್ದರೆ ಟ್ರಕ್. ಮದ್ಯದ ಲೈಸೆನ್ಸ್ ಎಷ್ಟೋ ಕಡೆ ಗಾಡಿಗೆ ಸಿಗುವುದಿಲ್ಲ, ಜಾಗಕ್ಕೋ ಕಾರ್ಯಕ್ರಮಕ್ಕೋ ಸಿಗುತ್ತದೆ. ಅದನ್ನು ವಿಚಾರಿಸದೆ ಸುಮ್ನೆ ಗಾಡಿಗೆ ದುಡ್ಡು ಕಟ್ಟಬೇಡಿ.