ಪೇಪರಿನಲ್ಲಿ ಬಂದ ಕೃತಕ ಕೈ ನಂಬಿ ದುಡ್ಡು ಕಟ್ಟಬೇಡಿ

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕೈ ಇಲ್ಲದ ಮಗು ಇದ್ದರೆ, "ಬಾಲಕಿಗೆ ಮರಳಿ ಬಂತು ಕೈ" ಅನ್ನೋ ಥರದ ವಿಡಿಯೋವನ್ನು ಯಾರಾದರೂ ಕಳಿಸೇ ಕಳಿಸಿರುತ್ತಾರೆ. ಅದರಲ್ಲಿ ಕಾಣುವ ಕೃತಕ ಕೈ ಕಂಪನಿಗೆ ಫೋನ್ ಮಾಡುವ ಮೊದಲು ಇದನ್ನೊಮ್ಮೆ ಓದಿ.

ಗದಗಿನಲ್ಲಿರುವ ನನ್ನ ಅಕ್ಕನ ಮಗಳಿಗೆ ಹುಟ್ಟಿನಿಂದಲೇ ಎಡಗೈ ಮೊಣಕೈ ಕೆಳಗೆ ಬೆಳೆದಿಲ್ಲ. ಬೇರೆ ಊರಿನ ಕಂಪನಿಯೊಂದು ಹುಬ್ಬಳ್ಳಿಯಲ್ಲಿ ಕಲ್ಯಾಣ ಮಂಟಪ ಹಿಡಿದು ಶಿಬಿರ ಮಾಡಿತು. ಮಕ್ಕಳಿಗೆ 3ಡಿ ಪ್ರಿಂಟ್ ಕೈ (ಯಂತ್ರದಲ್ಲಿ ಪ್ಲಾಸ್ಟಿಕ್ ಪದರ ಪೇರಿಸಿ ಮಾಡಿದ್ದು) ಉಚಿತ. ಶಾಲು, ಹಾರ, ಭಾಷಣ ಎಲ್ಲಾ ಆಯಿತು. ಫೋಟೋ ತೆಗೆಯುವಾಗ ಯಾರೋ ಆ ಪ್ಲಾಸ್ಟಿಕ್ ಬೆರಳುಗಳ ನಡುವೆ ಒಂದು ಪೆನ್ನು ಸಿಗಿಸಿದರು. ಮರುದಿನ ಪೇಪರಿನಲ್ಲಿ ಅದೇ ಫೋಟೋ, ಕೆಳಗೆ "ಇನ್ನು ಎಲ್ಲರಂತೆ ಬರೆಯಲಿದ್ದಾಳೆ ಪುಟ್ಟ ಬಾಲಕಿ". ಅಲ್ರೀ, ಅವಳ ಬಲಗೈ ಚೆನ್ನಾಗಿಯೇ ಇದೆ! ಶಾಲೆಗೆ ಸೇರಿದಾಗಿನಿಂದ ಅದರಲ್ಲೇ ಬರೆಯುತ್ತಾಳೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಟಿವಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಬೆರಳು ಆಡುತ್ತವೆ" ಅಂದರು. ಆ ಕೈಯಲ್ಲಿ ಒಂದು ಬ್ಯಾಟರಿ ಕೂಡ ಇರಲಿಲ್ಲ. ಮೊಣಕೈ ಮಡಚಿದರೆ ನೈಲಾನ್ ದಾರ ಎಳೆದು ಬೆರಳು ಮುಚ್ಚುತ್ತವೆ, ಚಾಚಿದರೆ ಬಿಚ್ಚುತ್ತವೆ. ಅಷ್ಟೇ. ನೆಲದ ಮೇಲಿನ ಚೆಂಡಿಗೆ ಕೈ ಚಾಚಿದರೆ ಬೆರಳು ಬಿಚ್ಚಿರುತ್ತವೆ. ಹಿಡಿಯೋಣ ಅಂತ ಮಡಚಿದರೆ ಕೈ ಚೆಂಡನ್ನು ಬಿಟ್ಟು ಮೇಲೆ ಬಂದಿರುತ್ತದೆ. "ಮಾಮಾ, ಇದು ಬ್ಯಾಡ, ಒಳಗ ಭಾಳ ಬೆವರತದ" ಅಂತ ಬಿಚ್ಚಿಟ್ಟು, ಮೊದಲಿನಂತೆ ಮೊಣಕೈಗೂ ಪಕ್ಕೆಗೂ ನಡುವೆ ಚೆಂಡು ಒತ್ತಿ ಹಿಡಿದು ಓಡಿದಳು.

ಬ್ಯಾಟರಿ ಇರುವ ಕೈಗಳೂ ಮನಸ್ಸು ಓದುವುದಿಲ್ಲ. ಉಳಿದ ತೋಳಿನ ಸ್ನಾಯು ಬಿಗಿದಾಗ ಚರ್ಮದ ಮೇಲೆ ಸಿಗುವ ಸಣ್ಣ ವಿದ್ಯುತ್ ಸಂಕೇತ ಹಿಡಿದು ಮೋಟಾರ್ ತಿರುಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಸಾಕೆಟ್, ಅಂದರೆ ಉಳಿದ ತೋಳನ್ನು ತೂರಿಸುವ ಭಾಗ, ಬಿಗಿಯಾಗಿ ಕೂತಿರಬೇಕು. ಮಗು ಬೆಳೆದಂತೆ ಸಾಕೆಟ್ ಚಿಕ್ಕದಾಗುತ್ತದೆ. ಸಣ್ಣ ಮಕ್ಕಳಿಗೆ ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಕೈ ತೊಡಿಸಿದ ದಿನದ ಸುದ್ದಿಯಲ್ಲಿ ಮುಂದಿನ ವರ್ಷದ ಮಾತು ಎಲ್ಲೂ ಇರಲ್ಲ.

"ನಮ್ಮದೇ ಸಂಶೋಧನೆ" ಅಂತ ಕಂಪನಿಯವರು ಹೇಳಿಕೊಳ್ಳುವುದೂ ಸುಳ್ಳು. ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವ್ಯಾನ್ ಆಸ್ ಮತ್ತು ಅಮೆರಿಕದ ಐವನ್ ಓವನ್ ಸೇರಿ ಒಬ್ಬ ಪುಟ್ಟ ಹುಡುಗನಿಗೆ ಇಂಥ ಕೈ ಮಾಡಿ, 2013ರಲ್ಲಿ ಅದರ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದು ಮಣಿಕಟ್ಟು ಇರುವ ಮಕ್ಕಳಿಗೆ ಮಾಡಿದ ಕೈ. ವಿಡಿಯೋದಲ್ಲಿ ಚೆಂದ ಆಡಿ ತೋರಿಸುವ ಮಕ್ಕಳ ಮಣಿಕಟ್ಟನ್ನು ಗಮನಿಸಿ ನೋಡಿ. ನಮ್ಮ ಹುಡುಗಿಗೆ ಅದೇ ಇಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿದ್ದ ಕಾರಿನೊಳಗೆ ಇಟ್ಟಿದ್ದ ಕೈ ಸೊಟ್ಟಗಾಯಿತು. ಇವುಗಳಿಗೆ ಜಾಸ್ತಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಕಂಪನಿಗೆ ಫೋನ್ ಮಾಡಿದರೆ, "ಅದು ಬಿಡಿ, ಎಲೆಕ್ಟ್ರಿಕ್ ಕೈ ಕೊಡ್ತೀವಿ, ಮುಂಗಡ ಕಟ್ಟಿ" ಅಂದರು. ಭಾವ 25 ಸಾವಿರ ಕಟ್ಟಿದರು. ಆಮೇಲೆ ಫೋನ್ ಎತ್ತುವವರೇ ಇಲ್ಲ. ಆದರೆ ಪೆನ್ನು ಹಿಡಿದ ಆ ಫೋಟೋ ಮಾತ್ರ ದೇಣಿಗೆ ಕೇಳುವ ಪೋಸ್ಟರಿನಲ್ಲಿ ಇವತ್ತಿಗೂ ಓಡಾಡುತ್ತಿದೆ. ಸುದ್ದಿ ಬರೆದವರನ್ನು ಕೇಳಿದೆ. "ಅವರು ಕೊಟ್ಟ ಪ್ರೆಸ್ ನೋಟ್ ಹಾಕೀವ್ರಿ ಸರ್" ಅಂದರು.

2006ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನಮ್ಮ ಹುಡುಗಿಯಂತೆಯೇ ಹುಟ್ಟಿನಿಂದ ಒಂದು ಕೈ ಮೊಣಕೈ ಕೆಳಗೆ ಇಲ್ಲದ 489 ಮಕ್ಕಳನ್ನು ನೋಡಿದರು. ಕೃತಕ ಕೈ ತೊಟ್ಟವರ ದಿನದ ಕೆಲಸ ತೊಡದವರಿಗಿಂತ ಸುಲಭವಾಗಿದೆ ಅಂತ ಕಾಣಲಿಲ್ಲ. ಮರುವರ್ಷ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಭುಜಕ್ಕೆ ಕಟ್ಟಿದ ಬೆಲ್ಟ್ ಎಳೆದು ಆಡಿಸುವ ಕೈಯನ್ನು ಸರಾಸರಿ 45% ಮಕ್ಕಳು, ಬ್ಯಾಟರಿ ಕೈಯನ್ನು 35% ಮಕ್ಕಳು ಬಿಟ್ಟುಬಿಟ್ಟಿದ್ದರು. ಇದನ್ನು ಯಾವ ಚಾನೆಲ್ಲೂ ತೋರಿಸಲ್ಲ, ಅಲ್ವಾ? (ಕಾಲಿನ ವಿಷಯ ಬೇರೆ. ಕೃತಕ ಕಾಲು ಹಾಕಿಕೊಂಡು ಓಡಾಡುವ ಮಕ್ಕಳು ಬೇಕಾದಷ್ಟಿದ್ದಾರೆ.)

ಮಗುವಿಗೆ ನಿಜವಾಗಿ ಬೇಕು ಅನಿಸಿದರೆ ನಮ್ಮಲ್ಲೇ ದಾರಿ ಇದೆ. ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆ ಆವರಣದಲ್ಲಿ ಮಹಾವೀರ ಲಿಂಬ್ ಸೆಂಟರ್ ಇದೆ. ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ದೊಡ್ಡವರಿಗೆ ಮೂರು ವರ್ಷಕ್ಕೊಮ್ಮೆ ಸಿಗುವ ಸಲಕರಣೆ 12 ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೊಮ್ಮೆ ಸಿಗಬಹುದು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಟ್ಟುಕೊಳ್ಳಿ. ಅಳತೆ ತೆಗೆಯುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರೇ ಅಂತ ಕೇಳಿ, ನಂಬರ್ ಬರೆದುಕೊಳ್ಳಿ. ಸುಮ್ನೆ ಕೋಟು ಹಾಕಿಕೊಂಡವರೆಲ್ಲ ತಜ್ಞರಲ್ಲ.

ಇನ್ನು, ಯಾರಿಗೇ ದುಡ್ಡು ಕೊಟ್ಟರೂ ರಸೀದಿಯನ್ನು ಅಲ್ಲೇ ನಿಂತು ಓದಿ. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣ ಅಂತ ಭಾವ ತಮ್ಮ ರಸೀದಿ ತೆಗೆದು ನೋಡಿದರೆ, ಅದರಲ್ಲಿ ಮುಂಗಡ ಅಂತ ಇಲ್ಲವೇ ಇಲ್ಲ. "ಸ್ವಇಚ್ಛೆಯಿಂದ ಕೊಟ್ಟ ದೇಣಿಗೆ" ಅಂತ ಬರೆದಿದ್ದಾರೆ.