ಹಳೇ ರ್‍ಯಾಲಿ ಸೈಕಲ್‌ಗೆ ಹೊಸ ಕ್ರ್ಯಾಂಕ್ ಹಾಕಿಸುವ ಮುಂಚೆ ಥ್ರೆಡ್ ಅಳೆಸಿ

ಮನೆಯಲ್ಲಿ ಹಳೇ ರ್‍ಯಾಲಿ ಸೈಕಲ್ ಇದೆಯಾ? ಅದಕ್ಕೆ ಈಗಿನ ಅಲಾಯ್ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಸೀಲ್ಡ್ ಬಿ.ಬಿ. (ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಆಕ್ಸಲ್, ಬೇರಿಂಗಿನ ಸೆಟ್) ಹಾಕಿಸುವ ಯೋಚನೆ ಇದೆಯಾ? ಹಾಗಿದ್ದರೆ ಅಂಗಡಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ. ನಮ್ಮ ಸೈಕಲ್‌ನ ಫ್ರೇಮ್ ಈ ಕೆಲಸದಲ್ಲೇ ಹಾಳಾಯಿತು. ನಿಮ್ಮದು ಹಾಳಾಗಬಾರದು.

ನಮ್ಮದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಸೈಕಲ್. ಹಿಂದಿನ ಗಾಲಿಯಲ್ಲಿ ಮೂರು ಗೇರಿನ ಸ್ಟರ್ಮಿ ಆರ್ಚರ್ ಹಬ್ ಇದೆ. ಅದರ ಮೇಲೆ 58 ಅಂತ ಒತ್ತಿದ್ದಾರೆ, ಅಂದರೆ ಹಬ್ 1958ರದ್ದು. ಚೈನ್‌ವೀಲ್‌ನಲ್ಲಿ ಮೂರು ಕೊಕ್ಕರೆಗಳ ಆಕಾರ ಕತ್ತರಿಸಿದ್ದಾರೆ. ರ್‍ಯಾಲಿ ಕಂಪನಿಯ ಗುರುತೇ ಅದು. ಅಜ್ಜ ಮಾಸ್ತರಿಕೆ ಮಾಡುತ್ತಿದ್ದಾಗ ಧಾರವಾಡದ ತುಂಬಾ ಇದರಲ್ಲೇ ಓಡಾಡಿದವರು. ಹುಬ್ಬಳ್ಳಿಗೂ ಇದರಲ್ಲೇ ಹೋಗಿ ಬರುತ್ತಿದ್ದರಂತೆ.

ತೊಂದರೆ ಇದ್ದದ್ದು ಕಾಟರ್ ಪಿನ್‌ನಲ್ಲಿ, ಅಂದರೆ ಕ್ರ್ಯಾಂಕನ್ನು ಆಕ್ಸಲ್‌ಗೆ ಬಿಗಿಯುವ ಬೆಣೆಯಲ್ಲಿ. ಎಷ್ಟು ಬಿಗಿ ಮಾಡಿದರೂ ಸ್ವಲ್ಪ ದಿನಕ್ಕೆ ಸಡಿಲ. ನವಲೂರಿನ ಏರಿನಲ್ಲಿ ಎದ್ದು ನಿಂತು ತುಳಿದರೆ ಪ್ರತಿ ಸುತ್ತಿಗೂ ಕಟ್ ಕಟ್ ಅಂತ ಸದ್ದು. ಅದಕ್ಕೇ ಕಾಟರ್ ಪಿನ್ ಇಲ್ಲದ, ಚೌಕ ಆಕ್ಸಲ್‌ನ ಸೆಟ್ ಹಾಕಿಸೋಣ ಅಂತ ಹುಬ್ಬಳ್ಳಿಯ ಒಂದು ದೊಡ್ಡ ಸೈಕಲ್ ಅಂಗಡಿಗೆ ಒಯ್ದೆ. ಅಂಗಡಿಯ ಹೆಸರು ಇಲ್ಲಿ ಬೇಡ.

ಹಳೇ ರ್‍ಯಾಲಿಯ ಬಿ.ಬಿ. ಥ್ರೆಡ್ (ಸ್ಕ್ರೂವಿನಂಥ ಸಾಲುಗಳು) ಬೇರೆ ಇರುತ್ತದೆ ಅಂತ ನನಗೆ ಗೊತ್ತಿತ್ತು. ಅಲ್ಲಿನ ಮೆಕ್ಯಾನಿಕ್‌ಗೆ ಹೇಳಿಯೂ ಹೇಳಿದೆ. ‘ಕೂಡಸೋಕಿಂತ ಮೊದಲ ಒಮ್ಮೆ ಅಳದು ನೋಡ್ರಿ’ ಅಂದೆ.

‘ಏನೂ ಚಿಂತಿ ಮಾಡಬ್ಯಾಡ್ರಿ ಸರ. ಎಲ್ಲಾ ಬಿ.ಎಸ್.ಎ. ಸೈಜೇ ಇರ್ತದ. ಸಂಜಿಗೆ ಬಂದು ಒಯ್ರಿ’ ಅಂದ.

ಬಿ.ಎಸ್.ಎ. ಸೈಜ್ ಅಂದರೆ ಈಗ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಅಳತೆ. ಕಪ್‌ನ (ಬೇರಿಂಗ್ ಹಿಡಿಯುವ, ಫ್ರೇಮ್‌ಗೆ ತಿರುಗಿಸಿ ಕೂಡಿಸುವ ಬಟ್ಟಲು) ಅಡ್ಡಳತೆ 1.37 ಇಂಚು, ಇಂಚಿಗೆ 24 ಥ್ರೆಡ್, ಶೆಲ್‌ನ (ಕಪ್ ಕೂರುವ ಫ್ರೇಮ್‌ನ ಅಡ್ಡ ಕೊಳವೆ) ಅಗಲ 68 ಮಿ.ಮೀ. ರ್‍ಯಾಲಿ ಕಂಪನಿ ನಾಟಿಂಗ್‌ಹ್ಯಾಮ್‌ನಲ್ಲಿ ತನ್ನದೇ ಅಳತೆ ಇಟ್ಟುಕೊಂಡಿತ್ತು. ಅಡ್ಡಳತೆ ಹೆಚ್ಚುಕಮ್ಮಿ ಅಷ್ಟೇ, ಆದರೆ ಇಂಚಿಗೆ 26 ಥ್ರೆಡ್. ಶೆಲ್ ಕೂಡ ಅಗಲ. ಸಾಮಾನ್ಯವಾಗಿ 71 ಮಿ.ಮೀ., ಕೆಲವು ಮಾಡೆಲ್‌ಗಳಲ್ಲಿ 76. ಮೋಸ ಹೋಗುವುದು ಇಲ್ಲೇ. ಅಡ್ಡಳತೆ ಒಂದೇ ಇರುವುದರಿಂದ ಹೊಸ ಕಪ್ ಮೊದಲ ಎರಡು ಮೂರು ಸುತ್ತು ಸುಮ್ನೆ ಒಳಗೆ ಹೋಗುತ್ತದೆ. ಸರಿಯಾಗಿದೆ ಅನ್ನಿಸುತ್ತದೆ. ಅರ್ಧ ಇಂಚಿನಲ್ಲಿ ಒಂದಕ್ಕೆ 12 ಥ್ರೆಡ್ ಆದರೆ ಇನ್ನೊಂದಕ್ಕೆ 13. ಒಳಗೆ ಹೋದಷ್ಟೂ ವ್ಯತ್ಯಾಸ ಜಾಸ್ತಿಯಾಗುತ್ತಾ ಹೋಗಿ ಕಪ್ ಬಿಗಿಯಾಗುತ್ತದೆ. ಅಲ್ಲಿ ಕೈ ನಿಲ್ಲಿಸಿ ವಾಪಸ್ ತೆಗೆದರೆ ಫ್ರೇಮ್ ಉಳಿಯುತ್ತದೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ಒತ್ತಿದರೆ ಕಪ್‌ನ ಥ್ರೆಡ್ ಶೆಲ್‌ನ ಥ್ರೆಡ್ಡನ್ನು ಕೊರೆದುಕೊಂಡು ಹೋಗುತ್ತದೆ. ಆ ಅಂಗಡಿಯಲ್ಲಿ ಮಾಡಿದ್ದು ಅದನ್ನೇ.

ಮೊದಲು ನನಗೂ ಗೊತ್ತಾಗಲಿಲ್ಲ. ಕ್ರ್ಯಾಂಕ್ ಫಳಫಳ ಹೊಳೆಯುತ್ತಿತ್ತು, ಹಗುರವಾಗಿ ತಿರುಗುತ್ತಿತ್ತು. ಸ್ವಲ್ಪ ದಿನದ ನಂತರ ಪೆಡಲ್ ತುಳಿದಾಗ ಕಾಲಿನ ಕೆಳಗೆ ಏನೋ ಅಲುಗಿದಂತೆ ಅನ್ನಿಸತೊಡಗಿತು. ಒಂದು ಸಂಜೆ ಉಣಕಲ್ ಹತ್ತಿರ ಬರುವಾಗ ಚೈನ್‌ವೀಲ್ ಫ್ರೇಮ್‌ಗೆ ಉಜ್ಜಿ ಚೈನ್ ಕಳಚಿಕೊಂಡಿತು. ಬಸ್ಸು, ಲಾರಿ ಬಿಡುವಿಲ್ಲದೆ ಓಡುವ ರಸ್ತೆ ಅದು. ಪೂರ್ತಿ ವೇಗದಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ.

ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಲೇತ್ ಇಟ್ಟುಕೊಂಡಿರುವ ಪರಿಚಯದ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಬಿಚ್ಚಿಸಿದೆ. ಬಲಗಡೆಯ ಕಪ್ ಹೊರಗೆ ಬಂದಾಗ ಗ್ರೀಸಿನ ಜೊತೆ ಕಬ್ಬಿಣದ ಸಣ್ಣ ಸಣ್ಣ ಸುರುಳಿಗಳು ಬಂದವು. ಕಾಕಾ ಬ್ಯಾಟರಿ ಹಿಡಿದು ಶೆಲ್ ಒಳಗೆ ತೋರಿಸಿದರು. ಬಾಯಿಯ ಹತ್ತಿರದ ಒಂದೆರಡು ಥ್ರೆಡ್ ನೆಟ್ಟಗಿದ್ದವು. ಅದರಾಚೆ ತುದಿಗಳು ಚಪ್ಪಟೆಯಾಗಿ, ಒಂದರ ಮೇಲೊಂದು ಮಗುಚಿಕೊಂಡಿದ್ದವು. ಬೆರಳಿನ ಉಗುರು ಆಡಿಸಿದರೆ ಗೊತ್ತಾಗುತ್ತಿತ್ತು, ಅಲ್ಲಿ ಸಾಲುಗಳೇ ಇಲ್ಲ.

‘ಇದು ಕೂಡಿಲ್ಲೋ ತಮ್ಮಾ, ಜಬರದಸ್ತೀಲೆ ತುರುಕ್ಯಾರ’ ಅಂದರು.

ಇನ್ನೊಂದು ಹೊಟ್ಟೆ ಉರಿಯುವ ವಿಷಯ. ಹಳೇ ಕಪ್, ಆಕ್ಸಲ್ ಕೊಡಿ ಅಂತ ಅಂಗಡಿಗೆ ಹೋದರೆ ಅವು ಆಗಲೇ ಗುಜರಿಗೆ ಹೋಗಿದ್ದವು. ಕೊಕ್ಕರೆ ಚೈನ್‌ವೀಲ್ ಮಾತ್ರ ಮೂಲೆಯಲ್ಲಿ ಸಿಕ್ಕಿತು. ಅದೂ ಸೊಟ್ಟಗಾಗಿದೆ. ಕಾಟರ್ ಪಿನ್ ಬಿಡಿಸುವಾಗ ಕ್ರ್ಯಾಂಕ್ ಕೆಳಗೆ ಆಧಾರ ಕೊಡದೆ ಸುತ್ತಿಗೆಯಲ್ಲಿ ಬಡಿದಿದ್ದಾರೆ. ಕ್ರ್ಯಾಂಕ್ ಕೆಳಗೆ ಗಟ್ಟಿ ಪೈಪ್ ನಿಲ್ಲಿಸಿ ಬಡಿಯಬೇಕು, ಇಲ್ಲವೇ ಪ್ರೆಸ್‌ನಿಂದ ಒತ್ತಬೇಕು. ಹಾಗೆ ಮಾಡದಿದ್ದರೆ ಪೆಟ್ಟೆಲ್ಲ ಬಾಲ್ಸ್ ಮತ್ತು ಕಪ್‌ಗೆ ಬಿದ್ದು ಅಲ್ಲಿ ಗುಳಿ ಬೀಳುತ್ತವೆ. ಮಾತಾಡಿ ಮಾತಾಡಿ ಕೊನೆಗೆ ಲೇಬರ್ ಚಾರ್ಜ್ ವಾಪಸ್ ಕೊಟ್ಟರು. ಫ್ರೇಮ್ ಯಾರು ಕೊಡುತ್ತಾರೆ?

ಅದಕ್ಕೇ ಕೇಳಿಕೊಳ್ಳುತ್ತೇನೆ. ಹಳೇ ಕಪ್ ಬಿಚ್ಚಿಸಿದ ತಕ್ಷಣ ಅದನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಥ್ರೆಡ್ ಗೇಜ್, ಅಂದರೆ ಥ್ರೆಡ್‌ಗೆ ಹೊಂದಿಸಿ ನೋಡುವ ಹಲ್ಲಿನ ಎಲೆಗಳ ಸೆಟ್, ಯಾವ ಲೇತ್ ಅಂಗಡಿಯಲ್ಲೂ ಇರುತ್ತದೆ. ಅದರ 26ರ ಎಲೆ ಬೆಳಕು ಬಿಡದೆ ಕೂತರೆ 24 ಥ್ರೆಡ್‌ನ ಹೊಸ ಬಿ.ಬಿ. ಆ ಫ್ರೇಮ್‌ಗೆ ಹಾಕುವಂತಿಲ್ಲ, ಅಷ್ಟೇ. ವರ್ನಿಯರ್‌ನಿಂದ ಶೆಲ್ ಅಗಲವನ್ನೂ ನೋಡಿಸಿ. 71 ಅಥವಾ 76 ಬಂದರೆ ಅನುಮಾನ ಗಟ್ಟಿಯಾಯಿತು ಅಂತ ತಿಳಿಯಿರಿ. ಆದರೆ ಅಗಲ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಆಸನ್ಸೋಲ್‌ನ ಸೇನ್-ರ್‍ಯಾಲಿ ಸೈಕಲ್ ಇದ್ದರೂ ಅಳೆಸಿಯೇ ಮುಂದಿನ ಮಾತು. ಬಲಗಡೆಯ, ಅಂದರೆ ಚೈನ್ ಕಡೆಯ ಕಪ್ ಉಲ್ಟಾ ಥ್ರೆಡ್, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ಲದವರ ಕೈಗೆ ಸೈಕಲ್ ಕೊಡಲೇಬೇಡಿ.

26 ಬಂದರೂ ಹೊಸ ಕ್ರ್ಯಾಂಕ್ ಹಾಕಲು ದಾರಿ ಇದೆ. ಹಳೇ ಕಪ್ ಚೆನ್ನಾಗಿದ್ದರೆ ಅವನ್ನೇ ಉಳಿಸಿಕೊಂಡು, ಕಾಲು ಇಂಚಿನ ಬಾಲ್ಸ್ ಹಾಕಿ, ಒಳಗಿನ ಆಕ್ಸಲ್ ಮಾತ್ರ ಚೌಕದ್ದಕ್ಕೆ ಬದಲಿಸಬಹುದು. ಆಕ್ಸಲ್ ಮೇಲೆ ಬಾಲ್ಸ್ ಓಡುವ ಎರಡು ಜಾಗಗಳ ನಡುವಿನ ದೂರ ನಿಮ್ಮ ಶೆಲ್‌ಗೆ ಹೊಂದಬೇಕು. 68ರ ಶೆಲ್‌ಗೆ ಮಾಡಿದ ಆಕ್ಸಲ್ 71ಕ್ಕೆ ಗಿಡ್ಡವಾಗುತ್ತದೆ. ಥ್ರೆಡ್ ಇಲ್ಲದೆ ಎರಡೂ ಕಡೆಯಿಂದ ಹಿಗ್ಗಿ ಹಿಡಿದುಕೊಳ್ಳುವ ಬಿ.ಬಿ. ಕೂಡ ಬರುತ್ತವೆ. ಶೆಲ್‌ನ ಅಗಲ ಹೇಳಿಯೇ ತರಿಸಬೇಕು. ಹೊಸ ಚೈನ್‌ವೀಲ್ ಹಿಂದಿನ ಹಲ್ಲಿನ ಚಕ್ರದ ನೇರಕ್ಕೆ ಬರುತ್ತದಾ ಅಂತಲೂ ನೋಡಿಸಿ. ಮೌಂಟನ್ ಬೈಕಿನ ಕ್ರ್ಯಾಂಕ್ ಹಾಕಿದರೆ ಅದು ಹೊರಗೆ ನಿಂತು ಚೈನ್ ಓರೆಯಾಗಿ ಓಡುತ್ತದೆ.

ನಮ್ಮ ಸೈಕಲ್ ಈಗ ಕಾಕಾನ ಲೇತ್ ಅಂಗಡಿಯಲ್ಲಿದೆ. ಎಡಗಡೆಯ ಥ್ರೆಡ್ ಪರವಾಗಿಲ್ಲ, ಬಲಗಡೆಯದ್ದನ್ನು ಆದಷ್ಟು ಸರಿಮಾಡಿ ನೋಡೋಣ ಅಂದಿದ್ದಾರೆ. 26ರ ಉಲ್ಟಾ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಇಲ್ಲೆಲ್ಲೂ ಸಿಗಲಿಲ್ಲ. ರ್‍ಯಾಲಿಯ ಹಳೇ ಬಲಗಡೆ ಕಪ್ ಒಂದು ಸಿಕ್ಕರೆ ಅದರ ಥ್ರೆಡ್‌ಗೆ ಅಡ್ಡಲಾಗಿ ಕಚ್ಚು ಕೊರೆದು ಅದನ್ನೇ ಟ್ಯಾಪ್ ಥರ ಬಳಸಬಹುದಂತೆ. ಸವೆದ ಕಪ್ ಆದರೂ ನಡೆಯುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾರದಾದರೂ ಹಳೇ ಸೈಕಲ್ ಅಂಗಡಿಯ ಡಬ್ಬಿಯಲ್ಲಿ ಅಂಥದ್ದು ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ. ಬಂದು ಒಯ್ಯುತ್ತೇನೆ.