ಬಾಲಿಯ ‘ಹೀಲಿಂಗ್ ಟೂರ್’ ಬುಕ್ ಮಾಡುವ ಮೊದಲು ಇದನ್ನು ಓದಿ

ಬಾಲಿಗೆ ಖಂಡಿತ ಹೋಗಿ. ಆದರೆ ‘ನಾಟಿ ಚಿಕಿತ್ಸೆ, ಕಲೆ, ಪೂಜೆ ಎಲ್ಲಾ ಒಂದೇ ಪ್ಯಾಕೇಜಿನಲ್ಲಿ’ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡಿ. ಅತ್ತೆಯವರನ್ನು ಕರೆದುಕೊಂಡು ಅಂಥದ್ದೊಂದು ಟೂರಿಗೆ ಹೋಗಿ ಬಂದಿದ್ದೇವೆ.

ಅಲ್ಲಿ ನಾಟಿ ವೈದ್ಯರನ್ನು ಬಾಲಿಯಾನ್ ಅನ್ನುತ್ತಾರೆ. ಉಸದಾ ಅನ್ನುವ ತಾಳೆಗರಿಯ ವೈದ್ಯಗ್ರಂಥ ಓದಿ ಮದ್ದು ಕೊಡುವವರಿದ್ದಾರೆ, ಮೈಮೇಲೆ ಬಂದು ಹೇಳುವವರೂ ಇದ್ದಾರೆ. ಊರಿನವರು ಹೂವಿನ ಎಡೆಯೊಳಗೆ ಕೈಲಾದಷ್ಟು ಕಾಣಿಕೆ ಇಟ್ಟುಕೊಂಡು ಹೋಗುತ್ತಾರೆ. ನಮ್ಮನ್ನು ಕರೆದೊಯ್ದ ಮನೆಯ ಗೋಡೆ ಮೇಲೆ ದರಪಟ್ಟಿ ಇತ್ತು, ಇಂಗ್ಲಿಷಿನಲ್ಲಿ.

ಆ ಮನೆಯ ಬಾಲಿಯಾನ್ ಅಜ್ಜ ಕಡ್ಡಿಯಿಂದ ಅತ್ತೆಯ ಕಾಲ್ಬೆರಳು ಒತ್ತಿ ನೋಡಿ ಎರಡೇ ಮಾತು ಆಡಿದರು. ಗೈಡ್ ಅದನ್ನೇ ಐದು ನಿಮಿಷ ವಿವರಿಸಿದ. ರಕ್ತ ಕೆಟ್ಟಿದೆಯಂತೆ, ಬಿಪಿ ಮಾತ್ರೆ ಇವತ್ತೇ ನಿಲ್ಲಿಸಬೇಕಂತೆ, ಈ ಹಸಿರು ಬಾಟಲಿ ಕುಡಿಯಬೇಕಂತೆ. ಅಜ್ಜ ಅಷ್ಟೆಲ್ಲಾ ಹೇಳಿದ್ದರಾ ಅಂತ ನನಗೆ ಇವತ್ತಿಗೂ ಅನುಮಾನ. ಬಾಟಲಿಗೆ ಎಂಟು ಲಕ್ಷ ರುಪಿಯಾ, ನಮ್ಮ ನಾಲ್ಕು ಸಾವಿರಕ್ಕೂ ಜಾಸ್ತಿ. ಬೇಡ ಅಂದರೂ ಬಿಲ್ಲಿಗೆ ಸೇರಿಸಿದರು.

ಅತ್ತೆ ನಂಬಿಬಿಟ್ಟರು. ಎಷ್ಟು ಹೇಳಿದರೂ ರಾತ್ರಿ ಮಾತ್ರೆ ಮುಟ್ಟಲಿಲ್ಲ, ಬಾಟಲಿ ಅರ್ಧ ಖಾಲಿ ಮಾಡಿದರು. ಮರುದಿನ ಮಧ್ಯಾಹ್ನ ತಲೆಸುತ್ತು ಶುರುವಾಗಿ ಕ್ಲಿನಿಕ್ಕಿಗೆ ಓಡಿದೆವು. ಬಿಪಿ ತುಂಬಾ ಏರಿತ್ತು. ಹೋಮ್‌ಸ್ಟೇ ಒಡತಿ ಬಾಟಲಿ ಮೂಸಿ, ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡು, “ಇದು ಲೋಲೊ ಚೆಂಚೆಂ” ಅಂದರು. ಹುಳಿ ಎಲೆ ಅರೆದು ಮಾಡುವ ಪಾನಕ ಅದು, ಪೆಂಗ್ಲಿಪುರಾನ್ ಹಳ್ಳಿಯ ಮನೆಮನೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಒಳ್ಳೆಯ ಪಾನಕವೇ, ಆದರೆ ಅದಕ್ಕೆ ಉಪ್ಪು ಬೀಳುತ್ತದೆ. ಬಿಪಿ ಇರುವವರಿಗೆ ಮಾತ್ರೆ ನಿಲ್ಲಿಸಿ ಅದನ್ನು ಕುಡಿಸುವುದು ಎಂಥಾ ಅನ್ಯಾಯ!

ಪೂಜೆಯ ಕಥೆಯೂ ಅಷ್ಟೇ. ತಂಪಾಕ್‌ಸಿರಿಂಗ್‌ನ ತೀರ್ತ ಎಂಪುಲ್ ಅನ್ನುವ ಬುಗ್ಗೆನೀರಿನ ಗುಡಿಗೆ ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅಲ್ಲಿ ತಲೆಗೆ ನೀರು ಹಾಕಿಕೊಂಡು ಶುದ್ಧಿಯಾಗುವುದಕ್ಕೆ ಮೆಲುಕಾತ್ ಅನ್ನುತ್ತಾರೆ. ಸತ್ತವರ ಕಾರ್ಯಕ್ಕೇ ಮೀಸಲಾದ ಕೊಳವೆಗಳೂ ಅಲ್ಲಿವೆ. ಗೈಡ್ ಗಡಿಬಿಡಿ ಮಾಡಿ ನಮ್ಮನ್ನು ನೀರಿಗೆ ಇಳಿಸಿ, ತಾನು ಫೋನ್ ಹಿಡಿದು ನಿಂತ. ಅತ್ತೆ ಅಂಥ ಕೊಳವೆಗೆ ತಲೆ ಒಡ್ಡುವಷ್ಟರಲ್ಲಿ ಪಕ್ಕದ ಹೆಂಗಸೊಬ್ಬರು ಕೈ ಹಿಡಿದು ಎಳೆದರು. ಪುಣ್ಯಾತ್ಗಿತ್ತಿ.

ಸಂಜೆಯ ‘ಪುರಾತನ ಗುಪ್ತ ಆಚರಣೆ’ ಅಂದರೆ ಕೆಚಕ್ ಕುಣಿತ. ರಾಮಾಯಣದ ಆ ಕುಣಿತ ನೋಡಲು ಚೆಂದ. ಆದರೆ ಅದು ಈಗಿನ ರೂಪಕ್ಕೆ ಬಂದದ್ದೇ 1930ರ ದಶಕದಲ್ಲಿ, ಅದೂ ಪ್ರವಾಸಿಗರಿಗಾಗಿ. ಉಲುವಾತು ಗುಡಿಯ ಆವರಣದಲ್ಲಿ ಯಾರು ಬೇಕಾದರೂ ಟಿಕೆಟ್ ತಗೊಂಡು ನೋಡಬಹುದು, ಅದಕ್ಕೆ ಪ್ಯಾಕೇಜ್ ಯಾಕೆ? ಗುಡಿಯ ಒಳ ಅಂಗಳದಲ್ಲಿ ದೇವರಿಗಾಗಿ ಕುಣಿಯುವ ನೃತ್ಯಗಳೇ ಬೇರೆ, ಅವಕ್ಕೆ ‘ವಾಲಿ’ ಅನ್ನುತ್ತಾರೆ (ರಾಮಾಯಣದ ವಾಲಿ ಅಲ್ಲ). ಗುಡಿಯ ಹಬ್ಬ ಓಡಾಲಾನ್, ಬಹಳಷ್ಟು ಗುಡಿಗಳಲ್ಲಿ 210 ದಿನಕ್ಕೊಮ್ಮೆ ಬರುತ್ತದೆ. ‘ದಿನವೂ ಸಂಜೆ ಆರಕ್ಕೆ ಗುಡಿಯ ಆಚರಣೆ’ ಅಂದರೆ ಅದು ಶೋ ಅಂತಲೇ ತಿಳಿಯಿರಿ.

ಬಾಲಿಯಾನ್ ಹತ್ತಿರ ಹೋಗಲೇಬೇಕು ಅನ್ನಿಸಿದರೆ ಉಳಿದುಕೊಂಡ ಮನೆಯವರನ್ನು ಕೇಳಿ, ಅವರಲ್ಲೇ ಒಬ್ಬರನ್ನು ಮಾತಿಗೆ ಕರೆದುಕೊಂಡು ಹೋಗಿ. ಮಾರಾಟದಲ್ಲಿ ಪಾಲು ಇರುವ ಗೈಡ್ ಮಾತ್ರ ಬೇಡ. ನಮ್ಮ ಏಜೆನ್ಸಿಯವರಿಗೆ ಕ್ಲಿನಿಕ್ ಚೀಟಿ ಕಳಿಸಿ ದುಡ್ಡು ವಾಪಸ್ ಕೇಳಿದ್ದೆವು. “ಇದು ನಂಬಿಕೆಯ ವಿಷಯ ಮೇಡಂ” ಅಂತ ಉತ್ತರ ಬಂತು. ಆಮೇಲೆ ನಂಬರ್ ಬ್ಲಾಕ್ ಮಾಡಿದರು.